ಮುಂದೇನ್ ಮಾಡೂದ್ರಿ, ಕಾಕಾ?

ಮುಪ್ಪು ಯಾವತ್ತು ಬಂತು ಎಂದು ಕೇಳಿದರೆ ನನ್ನ ವಾರಿಗೆಯವರು ತಲೆಗೊಂದು ಉತ್ತರ ಕೊಡುತ್ತಾರೆ. ಒಬ್ಬರಿಗೆ ಅದು ಸಿಟಿ ಬಸ್ಸಿನಲ್ಲಿ ಕಾಲೇಜು ಹುಡುಗಿ ಎದ್ದು ಸೀಟು ಬಿಟ್ಟುಕೊಟ್ಟ ದಿನ. ಇನ್ನೊಬ್ಬರಿಗೆ ಪೆನ್ಷನ್ ಬ್ಯಾಂಕಿನವರು ಮೊದಲ ಸಲ ಲೈಫ್ ಸರ್ಟಿಫಿಕೇಟ್ ಕೇಳಿದ ನವೆಂಬರ್. ನನಗೆ ಅದು ಬಂದದ್ದು ಖಾನಾಪುರ ತಾಲ್ಲೂಕಿನ ಮೂಡಣ ಸೀಮೆಯಲ್ಲಿ, ಬೀಡಿಯಿಂದಾಚೆಗಿನ ನಮ್ಮೂರಿನಲ್ಲಿ, ದೊಡ್ಡಪ್ಪನ ಮಗ ತೀರಿಕೊಂಡ ಬೆಳಿಗ್ಗೆ. ಅಣ್ಣನನ್ನು ಪಡಸಾಲೆಯ ಗೋಡೆಗೆ ಆನಿಸಿ ಕೂರಿಸಿದ್ದರು. ಹಣೆಯ ತುಂಬ ವಿಭೂತಿ, ಕೊರಳಲ್ಲಿ ಮಾಲೆ. ಮನೆಯ ಹುಡುಗರು, ಹುಡುಗರೆಂದರೆ ನಲವತ್ತು ದಾಟಿದವರೇ, ಅಂಗಳದಲ್ಲಿ ಗುಂಪಾಗಿ ನಿಂತಿದ್ದವರು ನನ್ನ ಹತ್ತಿರ ಬಂದು ಕೇಳಿದರು: “ಮುಂದೇನ್ ಮಾಡೂದ್ರಿ, ಕಾಕಾ?”

ನನಗಿಂತ ಹಿರಿಯರು ಯಾರಾದರೂ ಇದ್ದಾರೆಯೇ ಎಂದು ಅಂಗಳದ ತುಂಬ ಕಣ್ಣಾಡಿಸಿದೆ. ಇದ್ದರು ಒಬ್ಬರು. ಅವರಿಗೆ ಕಿವಿ ಕೇಳಿಸುತ್ತಿರಲಿಲ್ಲ.

ಸತ್ತವರ ಮನೆಯಲ್ಲಿ ದುಃಖಕ್ಕಿಂತ ಮೊದಲು ಎದ್ದು ನಿಲ್ಲುವುದು ಕೆಲಸ. ಅಯ್ಯನವರಿಗೆ ಹೇಳಿಕಳಿಸಬೇಕು. ಬೀಗರ ಊರುಗಳಿಗೆ ಸುದ್ದಿ ಮುಟ್ಟಬೇಕು. ಯಾವ ಮನೆ ಬಿಟ್ಟುಹೋದರೆ ಎಷ್ಟು ವರ್ಷ ಮಾತು ಕೇಳಬೇಕಾಗುತ್ತದೆ ಎಂಬ ಅಂದಾಜು ಇರಬೇಕು. ವಿಮಾನ ಕಟ್ಟಲು ಬಿದಿರು, ಬಾಳೆಕಂಬ, ಹೂವು ಯಾರು ತರುತ್ತಾರೆ? ಭಜನೆಯವರಿಗೆ ಚಹಾ ಯಾರ ಮನೆಯಿಂದ? ಕುಣಿ ತೆಗೆಯುವವರಿಗೆ ಜಾಗ ತೋರಿಸಬೇಕು. ಹೊಲದಲ್ಲಾದರೆ ಯಾವ ಬದುವಿನ ಪಕ್ಕ, ತಂದೆಯ ಗದ್ದುಗೆಯ ಬಲಕ್ಕೋ ಎಡಕ್ಕೋ? ವಿಭೂತಿ ಗಟ್ಟಿ ಎಷ್ಟು ಬೇಕು, ಪತ್ರಿ ಎಷ್ಟು? ಪುಣೆಯಿಂದ ಹೊರಟ ಮಗಳಿಗಾಗಿ ಸಂಜೆಯವರೆಗೆ ಕಾಯಬೇಕೋ, ಮಳೆ ಬರುವ ಹಾಗಿದೆ ಎಂದು ಮುಗಿಸಬೇಕೋ? ಇದಕ್ಕೆಲ್ಲ ಒಬ್ಬರು ಬಾಯಿಬಿಟ್ಟು ‘ಹಿಂಗ ಮಾಡ್ರಿ’ ಅನ್ನಬೇಕು. ನಮ್ಮ ಮನೆತನದಲ್ಲಿ ಹಾಗೆ ಅನ್ನುತ್ತಿದ್ದವನು ಅಣ್ಣನೇ. ಯಾರದೇ ಮನೆಯಲ್ಲಿ ಯಾರೇ ಹೋದರೂ ಅವನು ಬರುವವರೆಗೆ ಯಾರೂ ಹಂದುತ್ತಿರಲಿಲ್ಲ. ಅವತ್ತು ಮಾತ್ರ ಅವನು ಗೋಡೆಗೆ ಆನಿಕೊಂಡು ಕೂತಿದ್ದ.

ಗೆಳೆಯರು, ಅಣ್ಣತಮ್ಮಂದಿರು, ಅಕ್ಕಂದಿರ ಗಂಡಂದಿರು ಒಬ್ಬರ ಹಿಂದೊಬ್ಬರು ಹೊರಟುಹೋಗುತ್ತಿರುವ ಈ ವಯಸ್ಸಿನಲ್ಲಿ ಎಲ್ಲರೂ ಕೇಳುವುದು, ‘ನಿಮಗ ಅಂಜಿಕಿ ಬರೂದಿಲ್ಲೇನ್ರಿ?’ ಎಂದು. ಬರುತ್ತದೆ, ಸುಳ್ಳು ಯಾಕೆ ಹೇಳಲಿ. ಆದರೆ ನನ್ನ ಸರದಿ ಹತ್ತಿರ ಬಂತೆಂಬ ಅಂಜಿಕೆಗಿಂತ ದೊಡ್ಡದಾಗಿ ಇನ್ನೊಂದು ಗಾಬರಿ ಇದೆ. ಸಾವಿನ ಕೆಲಸ ಗೊತ್ತಿದ್ದವರು ಮೊದಲು ಸಾಯುತ್ತಿದ್ದಾರೆ. ಹುಟ್ಟಿನ ಕೆಲಸವನ್ನು ನಾವು ಎಂದೋ ಆಸ್ಪತ್ರೆಗೆ ಕೊಟ್ಟೆವು, ಮದುವೆಯ ಕೆಲಸವನ್ನು ಮಂಗಲ ಕಾರ್ಯಾಲಯಕ್ಕೆ ಕೊಟ್ಟೆವು. ಉಳಿದಿದ್ದದ್ದು ಇದೊಂದು. ಇದನ್ನು ಯಾರಿಗೆ ಕೊಡಬೇಕು ಎಂದು ಇನ್ನೂ ತೀರ್ಮಾನವಾಗಿಲ್ಲ.

ಹಾಗೆಂದು ಹಳೆಯದನ್ನೆಲ್ಲ ಹಾಡಿ ಹೊಗಳುವ ಹುಮ್ಮಸ್ಸು ನನಗಿಲ್ಲ. ಊರಿಗೆ ಊರೇ ಒಂದಾಗಿ ಮಣ್ಣು ಮಾಡುತ್ತಿತ್ತು ಎಂದು ನಾವು ಹೇಳಿಕೊಳ್ಳುವ ಒಗ್ಗಟ್ಟಿನ ಅರ್ಧದಷ್ಟು ದಲಿತ ಕೇರಿಯವರ ಬಿಟ್ಟಿ ದುಡಿಮೆ. ಮಳೆಯಲ್ಲಿ ನಡೆದು ಬೀಗರ ಊರಿಗೆ ಸುದ್ದಿ ಹೇಳಿಬಂದವರು ಅವರು, ಹಲಗೆ ಬಾರಿಸಿದವರು ಅವರು, ಕುಣಿ ತೆಗೆದವರು ಅವರು. ಕೊನೆಗೆ ಊಟಕ್ಕೆ ಹೊರಗೆ ಕೂತವರೂ ಅವರೇ. ಈಗ ಅವರ ಮಕ್ಕಳು ‘ಬರೂದಿಲ್ರಿ’ ಎನ್ನುತ್ತಾರೆ. ಸರಿಯಾಗಿಯೇ ಎನ್ನುತ್ತಾರೆ. ಅಣ್ಣನ ಕುಣಿಯನ್ನು ಜೆಸಿಬಿ ತೆಗೆಯಿತು. ಒಳಗಿನ ಗೂಡನ್ನು ಮಾತ್ರ ಕೈಯಿಂದ ಕೆತ್ತಬೇಕಲ್ಲ, ಅದಕ್ಕೆ ಇಳಿದವನು ಅವನ ಮೊಮ್ಮಗ. ಸಾಫ್ಟ್‌ವೇರ್ ಕೆಲಸದ ಹುಡುಗ, ಕೈಯಲ್ಲಿ ಬೊಬ್ಬೆ ಎದ್ದವು. ಇದೇ ಸೀಮೆಯ ಕಕ್ಕೇರಿಯಲ್ಲಿ ಡೋಹರ ಕಕ್ಕಯ್ಯನ ಗದ್ದುಗೆ ಇದೆ. ತೊಗಲು ಹದ ಮಾಡುವ ಕಾಯಕದ ಶರಣ. ಕಲ್ಯಾಣದ ಕ್ರಾಂತಿಯ ನಂತರ ಉಳವಿಯತ್ತ ಹೊರಟ ಶರಣರ ದಂಡಿನಲ್ಲಿದ್ದವನು ಇಲ್ಲಿ ಐಕ್ಯನಾದ ಎಂದು ಈ ಭಾಗದ ನಂಬಿಕೆ. ಅವನ ಗದ್ದುಗೆಗೆ ಕೈಮುಗಿಯುತ್ತಲೇ ಅವನ ಕುಲದವರ ಕೈಯಲ್ಲಿ ಎಂಟು ನೂರು ವರ್ಷ ಕುಣಿ ತೆಗೆಸಿಕೊಂಡೆವು.

ನಮ್ಮ ತಾಲ್ಲೂಕಿನ ನಕ್ಷೆಯನ್ನೇ ಸಾವಿನ ಕಡೆಯಿಂದ ಓದಬಹುದು. ಮಲಪ್ರಭೆ ಹುಟ್ಟುವುದು ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ. ಖಾನಾಪುರ ಪೇಟೆಯನ್ನೂ ಅಸೋಗಾದ ರಾಮಲಿಂಗೇಶ್ವರನ ಪಾದವನ್ನೂ ಬಳಸಿ ಹರಿದು, ಎಂ.ಕೆ. ಹುಬ್ಬಳ್ಳಿಯಲ್ಲಿ ಗಂಗಾಂಬಿಕೆಯ ಐಕ್ಯಮಂಟಪವನ್ನು ಮುಟ್ಟಿ, ಒಟ್ಟು 304 ಕಿ.ಮೀ. ನಡೆದು ಕೃಷ್ಣೆಯನ್ನು ಸೇರುವುದು ಬಸವಣ್ಣ ಐಕ್ಯನಾದ ಕೂಡಲಸಂಗಮದಲ್ಲಿ. ಖಾನಾಪುರದ ಸೇತುವೆಯ ಕೆಳಗೆ ಅಸ್ಥಿ ಬಿಡುವವರು ಇಷ್ಟನ್ನೆಲ್ಲ ಯೋಚಿಸುವುದಿಲ್ಲ, ಬೇಸಿಗೆಯಲ್ಲಿ ಅವರ ಚಿಂತೆ ಮೊಣಕಾಲುದ್ದ ನೀರಾದರೂ ಎಲ್ಲಿದೆ ಎಂಬುದು. ಅಲ್ಲಿಂದ ಮೂಡಣಕ್ಕೆ ಬಂದರೆ ನಂದಗಡ. 1831ರ ಜನವರಿ 26ರಂದು ಸಂಗೊಳ್ಳಿ ರಾಯಣ್ಣನನ್ನು ಇಂಗ್ಲಿಷರು ಗಲ್ಲಿಗೇರಿಸಿದ ಊರು. ಅವನ ಸಮಾಧಿಯ ಆಲದ ಮರಕ್ಕೆ ಮಕ್ಕಳಿಲ್ಲದವರು ಕಟ್ಟಿಗೆಯ ತೊಟ್ಟಿಲು ಕಟ್ಟಿ ಹರಕೆ ಹೊರುತ್ತಾರೆ. ಮೂವತ್ಮೂರು ತುಂಬುವ ಮೊದಲೇ ನೇಣಿಗೆ ಹೋದ ತರುಣನ ಹತ್ತಿರ ಸಂತಾನ ಬೇಡುವ ಧೈರ್ಯ ನಮ್ಮ ಹೆಣ್ಣುಮಕ್ಕಳಿಗಲ್ಲದೆ ಇನ್ಯಾರಿಗೆ ಬರಬೇಕು! ನಮ್ಮ ಅವ್ವನೂ ಕಟ್ಟಿದ್ದಳಂತೆ. ಅದರ ಫಲ ನಾನೋ ನನ್ನ ತಮ್ಮನೋ ಎಂಬ ಜಗಳ ತಮ್ಮ ಇರುವವರೆಗೂ ನಡೆಯಿತು.

ಖಾನಾಪುರದಿಂದ ಸುಮಾರು 26 ಕಿ.ಮೀ. ದೂರದ ಬೆಳಗಾವಿಗೆ ಬಂದರೆ ಸಾವಿಗೆ ಎರಡು ಭಾಷೆ. ಸರ್ಕಲ್ಲುಗಳಲ್ಲಿ ಒಂದು ಫ್ಲೆಕ್ಸು ‘ಭಾವಪೂರ್ಣ ಶ್ರದ್ಧಾಂಜಲಿ’ಯನ್ನು ಕನ್ನಡದಲ್ಲಿ ಹೇಳಿದರೆ ಪಕ್ಕದ್ದು ಮರಾಠಿಯಲ್ಲಿ ಹೇಳುತ್ತದೆ, ಕೆಳಗಿನ ‘ಶೋಕಾಕುಲ ಗೆಳೆಯರ’ ಫೋಟೋಗಳು ಸತ್ತವರ ಫೋಟೋಕ್ಕಿಂತ ಹೆಚ್ಚು ಜಾಗ ಹಿಡಿದಿರುವುದು ಎರಡರಲ್ಲೂ ಸಮ. 1919ರಲ್ಲಿ ಬಾಬುರಾವ್ ಠಾಕೂರರು ಶುರು ಮಾಡಿದ ಮರಾಠಿಯ ‘ತರುಣ ಭಾರತ’ ಪತ್ರಿಕೆಯನ್ನು ಶಹಾಪುರ, ವಡಗಾವಿ, ಟಿಳಕವಾಡಿಯ ಎಷ್ಟೋ ಕನ್ನಡದ ಮನೆಗಳಲ್ಲಿ ತರಿಸುವುದು ನಿಧನ ವಾರ್ತೆಗಾಗಿ. ಅದರ ರಾಜಕೀಯ ನಮಗೆ ಬೇಡ. ಆದರೆ ಯಾರು ಹೋದರು, ರಕ್ಷಾ ವಿಸರ್ಜನೆ ಯಾವತ್ತು, ಮುಂಜಾನೆ ಎಂಟಕ್ಕೋ ಒಂಬತ್ತಕ್ಕೋ ಎಂಬುದು ಬೇಕು. ನವೆಂಬರ್ 1ರಂದು ಒಬ್ಬರು ಮೆರವಣಿಗೆಯಲ್ಲಿ, ಇನ್ನೊಬ್ಬರು ಕಪ್ಪು ಪಟ್ಟಿಯಲ್ಲಿ ಇದ್ದವರು ನವೆಂಬರ್ 3ರಂದು ಒಂದೇ ಚಿತೆಯ ಮುಂದೆ ನಿಂತಿರುವುದನ್ನು ನಾನು ಕಂಡಿದ್ದೇನೆ. ಇದನ್ನು ಸೌಹಾರ್ದ ಎಂದು ದೊಡ್ಡದು ಮಾಡುವುದು ಬೇಡ. ಇದು ಲೆಕ್ಕ. ನಮ್ಮ ಅಪ್ಪ ಹೋದಾಗ ಅವರು ಬಂದಿದ್ದರು, ಅವರ ಅವ್ವ ಹೋದಾಗ ನಾವು ಹೋಗಬೇಕು. ಬ್ಯಾಂಕಿನ ಸಾಲ ಮುಳುಗಿಸಿದವರು ಕೂಡ ಈ ಬಾಕಿ ಇಟ್ಟುಕೊಳ್ಳುವುದಿಲ್ಲ.

ಮರಾಠಿಯ ಪು.ಲ. ದೇಶಪಾಂಡೆಯವರು ಕೆಲಕಾಲ ಬೆಳಗಾವಿಯ ರಾಣಿ ಪಾರ್ವತಿದೇವಿ ಕಾಲೇಜಿನಲ್ಲಿ ಪಾಠ ಮಾಡಿದ್ದರು. ಇಲ್ಲಿ ಸಿಕ್ಕ ಗೆಳೆಯ ಕೃಷ್ಣರಾವ್ ಹರಿಹರರು ತೀರಿಕೊಂಡ ಮೇಲೆ ಅವರನ್ನು ನೆನೆದು ‘ರಾವಸಾಹೇಬ’ ಎಂಬ ವ್ಯಕ್ತಿಚಿತ್ರ ಬರೆದರು. ಕನ್ನಡ, ಮರಾಠಿ ಕಲಸಿದ ನಮ್ಮೂರ ಮಾತು, ಹೆಜ್ಜೆಗೊಂದು ಬೈಗುಳ, ನಾಟಕ ಸಂಗೀತದ ಹುಚ್ಚು, ಎಲ್ಲವನ್ನೂ ಹಾಗೆ ಹಾಗೆಯೇ ಇಟ್ಟು ಬರೆದ ಬರಹ. ನಮ್ಮ ಶ್ರದ್ಧಾಂಜಲಿ ಸಭೆಗಳಲ್ಲಿ ಕೂತಾಗಲೆಲ್ಲ ನನಗೆ ಅದು ನೆನಪಾಗುತ್ತದೆ. ಸತ್ತವರೆಲ್ಲರೂ ಮೈಕಿನ ಮುಂದೆ ಅಜಾತಶತ್ರುಗಳಾಗುತ್ತಾರೆ. ಇಸ್ಪೀಟಿನಲ್ಲಿ ಮೋಸ ಮಾಡುತ್ತಿದ್ದ ಗೆಳೆಯ, ಹೊಲದ ಬದುವಿಗಾಗಿ ಅಣ್ಣನ ಮೇಲೆ ಕೋರ್ಟಿಗೆ ಹೋದ ಗೆಳೆಯ, ಕುಡಿದರೆ ಮಾತ್ರ ಒಳ್ಳೆಯದಾಗಿ ಹಾಡುತ್ತಿದ್ದ ಗೆಳೆಯ, ಯಾರೂ ಆ ಭಾಷಣಗಳಲ್ಲಿ ಇರುವುದಿಲ್ಲ. ಅವರನ್ನು ಎರಡು ಸಲ ಕಳೆದುಕೊಂಡ ಹಾಗಾಗುತ್ತದೆ. ಬೈಯಲು ಅಧಿಕಾರ ಇದ್ದವರೆಲ್ಲ ಹೋದ ಮೇಲೆ ಉಳಿಯುವುದು ಬರೀ ಗೌರವ, ಅದೇನು ಉಣ್ಣಲು ಬರುವುದೇ?

ಟಿಳಕವಾಡಿಯ ವ್ಯಾಕ್ಸಿನ್ ಡಿಪೋದಲ್ಲಿ ಬೆಳಿಗ್ಗೆ ತಿರುಗಾಡುವವರದು ಒಂದು ಪಂಗಡ. ನಿವೃತ್ತ ಮಾಸ್ತರರು, ಎಲ್‌ಐಸಿಯವರು, ಮಿಲಿಟರಿಯಿಂದ ಬಂದವರು. ಮೊದಲು ಮಾತು ಪ್ರಮೋಶನ್ನು, ಮಕ್ಕಳ ಮದುವೆ. ಆಮೇಲೆ ಸಕ್ಕರೆ ರೋಗ, ಸ್ಟೆಂಟು. ಈಗ ಬಾರದವರು ಯಾಕೆ ಬರಲಿಲ್ಲ ಎಂಬುದೇ ಮೊದಲ ಮಾತು. ಒಬ್ಬರು ಎರಡು ದಿನ ಕಾಣದಿದ್ದರೆ ಮೂರನೆಯ ದಿನ ಯಾರಾದರೂ ಮನೆಗೆ ಹೋಗಿ ಬಾಗಿಲು ಬಡಿಯುವುದೆಂದು ತಾನಾಗಿಯೇ ಒಂದು ರೂಢಿ ಬೆಳೆದಿದೆ. ಈ ಜಾಗದ ಚರಿತ್ರೆ ನಮಗೆ ಚೆನ್ನಾಗಿ ಒಪ್ಪುತ್ತದೆ. ಮುಂಬಯಿ ಸರ್ಕಾರದ ಕಾಲದಲ್ಲಿ, ಹಿಂದಿನ ಶತಮಾನದ ಆರಂಭದಿಂದ, ಸಿಡುಬಿನ ಲಸಿಕೆ ತಯಾರಾಗುತ್ತಿದ್ದ ಸಂಸ್ಥೆ ಇದು. 1975ರ ಮೇ ತಿಂಗಳಿನ ನಂತರ ಈ ದೇಶದಲ್ಲಿ ಸಿಡುಬಿಗೆ ಯಾರೂ ಬಲಿಯಾಗಿಲ್ಲ. ನಮ್ಮ ತೋಳಿನ ಮೇಲಿನ ರೂಪಾಯಿ ಅಗಲದ ಕಲೆ ಬಹುಶಃ ಇಲ್ಲಿಯ ಮಾಲೇ. ಸ್ವಾತಂತ್ರ್ಯ ಬಂದ ಸುಮಾರಿಗೆ ಭಾರತೀಯನೊಬ್ಬನ ಸರಾಸರಿ ಆಯುಷ್ಯ 32 ವರ್ಷದ ಆಸುಪಾಸು, ಈಗ 70ರ ಸುಮಾರು. 2011ರ ಜನಗಣತಿಯ ಹೊತ್ತಿಗೆ ಕರ್ನಾಟಕದ ಜನಸಂಖ್ಯೆಯಲ್ಲಿ 60 ದಾಟಿದವರು ಶೇ 9.5ರಷ್ಟಿದ್ದರು. ನಮ್ಮ ಅಜ್ಜನ ವಾರಿಗೆಯಲ್ಲಿ ಅರವತ್ತು ಕಂಡವರನ್ನು ಊರು ಬೆರಳು ಮಾಡಿ ತೋರಿಸುತ್ತಿತ್ತು. ಒಟ್ಟೊಟ್ಟಿಗೆ ಮುದುಕರಾಗಿ ಒಟ್ಟೊಟ್ಟಿಗೆ ಖಾಲಿಯಾಗುವ ಅನುಭವ ಇಷ್ಟು ದೊಡ್ಡ ಸಂಖ್ಯೆಯಲ್ಲಿ ನಮ್ಮವರಿಗೆ ಮೊದಲ ಸಲ. ಆದ್ದರಿಂದ ಇದನ್ನು ಹೇಗೆ ತಡೆದುಕೊಳ್ಳಬೇಕೆಂದು ಹೇಳಿಕೊಡಲು ಹಿಂದಿನವರ ಹತ್ತಿರವೂ ಹೆಚ್ಚೇನೂ ಇರಲಿಲ್ಲ. ಅವರು ಸಣ್ಣ ವಯಸ್ಸಿನವರ ಸಾವು ಕಂಡವರು, ಪ್ಲೇಗು ಕಾಲರಾ ಕಂಡವರು. ನಾವು ಬೇರೆ ನಮೂನೆಯ ಬದುಕಿಗೆ ಬಿದ್ದಿದ್ದೇವೆ.

ತೀರಾ ತುದಿಯವರೆಗೆ ಹೋದವರು ಇಲ್ಲವೆಂದಲ್ಲ. ಬೆಳಗಾವಿ ಜಿಲ್ಲೆಯ ಏಣಗಿ ಬಾಳಪ್ಪನವರು ಹುಟ್ಟಿದ್ದು 1914ರಲ್ಲಿ, ತೀರಿಕೊಂಡದ್ದು 2017ರ ಆಗಸ್ಟ್ 18ರಂದು. ನೂರಾ ಮೂರು. ಸಣ್ಣ ಹುಡುಗನಾಗಿದ್ದಾಗಲೇ ಬಣ್ಣ ಹಚ್ಚಿದವರು, ಸ್ತ್ರೀಪಾತ್ರ ಮಾಡಿ ಹೆಸರಾದವರು, ಸ್ವಂತ ಕಂಪನಿ ಕಟ್ಟಿ ‘ಜಗಜ್ಯೋತಿ ಬಸವೇಶ್ವರ’ದ ಬಸವಣ್ಣನಾಗಿ ಊರೂರು ತಿರುಗಿದವರು. ಇಂಥ ಆಯುಷ್ಯಕ್ಕೆ ನಾವು ಪೇಪರಿನಲ್ಲಿ ‘ಶತಾಯುಷಿ’ ಎಂದು ಸಂಭ್ರಮದಿಂದ ಬರೆಯುತ್ತೇವೆ. ಅದರ ಬೆಲೆ ಎಷ್ಟೆಂದು ನೋಡುವುದಿಲ್ಲ. ಜೊತೆಗೆ ರಂಗಕ್ಕೆ ಬಂದವರು, ಪೇಟಿ ನುಡಿಸಿದವರು, ಪರದೆ ಎಳೆದವರು, ಎದುರಾಳಿ ಕಂಪನಿಗಳ ಮಾಲೀಕರು, ಎಲ್ಲರೂ ಮುಂದೆ ಹೋದರು. ನಟನಾಗಿ ನಾಡಿಗೆಲ್ಲ ಪರಿಚಿತನಾಗಿದ್ದ ಮಗ ಏಣಗಿ ನಟರಾಜ 2012ರಲ್ಲೇ ಹೋದ. ತೊಂಬತ್ತೆಂಟರ ತಂದೆ ಮಗನನ್ನು ಕಳಿಸಿ ಇನ್ನೂ ಐದು ವರ್ಷ ಇದ್ದರು. ಅವರ ಹಳೆಯ ನಾಟಕದಲ್ಲಿ ಯಾವ ಮಾತಿಗೆ ಜನ ಎದ್ದು ಕುಣಿದರು ಎಂದು ಅವರು ಹೇಳಿದರೆ ‘ಹೌದು, ನಾನೂ ಅಲ್ಲಿದ್ದೆ’ ಎನ್ನಲು ಇನ್ನೊಬ್ಬರು ಯಾರು ಉಳಿದಿದ್ದಾರು? ನನಗೆ ಎಪ್ಪತ್ತರ ಆಚೆಗೇ ಇದರ ರುಚಿ ಹತ್ತಿದೆ. 1971ರ ಯುದ್ಧದ ಬ್ಲ್ಯಾಕೌಟಿನ ರಾತ್ರಿ ಹಾಸ್ಟೆಲಿನ ಗಚ್ಚಿಯ ಮೇಲೆ ನಾವು ಏನು ಮಾಡಿದೆವು ಎಂಬುದಕ್ಕೆ ಈಗ ನಾನೊಬ್ಬನೇ ಸಾಕ್ಷಿ. ಬೇಕಾದ ಹಾಗೆ ಬದಲಿಸಿ ಹೇಳಬಹುದು, ತಿದ್ದುವವರಿಲ್ಲ. ಆ ಸ್ವಾತಂತ್ರ್ಯ ನನಗೆ ಬೇಡವಾಗಿತ್ತು.

ಮಕ್ಕಳ ವಿಷಯಕ್ಕೆ ಬರೋಣ. ನಮ್ಮ ಮಕ್ಕಳನ್ನು ಹೊರಗೆ ಕಳಿಸಿದವರು ನಾವೇ. ಈಗ ಅವರು ದೂರ ಇದ್ದಾರೆಂದು ಗೋಳಾಡುವುದು ನ್ಯಾಯವಲ್ಲ. ಬೆಂಗಳೂರಿನವರು ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ಸಿನಲ್ಲಿ ರಾತ್ರಿ ಹೊರಟರೆ ಬೆಳಿಗ್ಗೆ ಬಂದಾರು. ಅಮೆರಿಕದವರಿಗೆ ಕಾಯಬೇಕೆಂದರೆ ಫ್ರೀಜರ್ ಪೆಟ್ಟಿಗೆ ಬೇಕು. ಬೆಳಗಾವಿಯಲ್ಲಿ ಅದು ಬಾಡಿಗೆಗೆ ಸಿಗುತ್ತದೆ, ಅದಕ್ಕೂ ಬೇಡಿಕೆ ಇದೆ. ನಡುಮನೆಯಲ್ಲಿ ಅದು ಗುಂಯ್ ಎನ್ನುತ್ತಿರುವಾಗ ಅಳುವವರಿಗೂ ಅಳು ಸರಿಯಾಗಿ ಬರುವುದಿಲ್ಲ. ನಮ್ಮಲ್ಲಿ ಅಳುವುದೂ ಒಂದು ವಿದ್ಯೆ. ಸತ್ತವರ ಹೆಸರು ಹಿಡಿದು, ಅವರು ಕಟ್ಟಿಸಿದ ಭಾವಿ, ತಂದ ಎತ್ತು, ಬಿಟ್ಟುಹೋದ ಸಾಲ ಎಲ್ಲವನ್ನೂ ಹಾಡಿಕೊಂಡು ಅಳುವ ಮುದುಕಿಯರು ಹಳ್ಳಿಯಲ್ಲಿ ಇನ್ನೂ ಅಲ್ಲಲ್ಲಿ ಇದ್ದಾರೆ. ಅವರು ಅತ್ತರೆ ಸತ್ತವರ ಜೀವನಚರಿತ್ರೆ ಮುಗಿದ ಹಾಗೆ. ಪೆಟ್ಟಿಗೆಯ ಗಾಜಿಗೆ ಮುಖ ಹಚ್ಚಿ ಅದು ಆಗುವುದಿಲ್ಲ.

ಕೊರೋನಾದ ವರ್ಷ ಇದೆಲ್ಲವೂ ಒಂದೇ ಏಟಿಗೆ ನಿಂತುಹೋಗಿತ್ತು. ನಾಲ್ಕು ಸಲ ಗೆದ್ದ ಬೆಳಗಾವಿಯ ಸಂಸದ, ಕೇಂದ್ರದ ರೈಲ್ವೆ ರಾಜ್ಯ ಸಚಿವ ಸುರೇಶ ಅಂಗಡಿ 2020ರ ಸೆಪ್ಟೆಂಬರ್ 23ರಂದು ದಿಲ್ಲಿಯ ಏಮ್ಸ್ ಆಸ್ಪತ್ರೆಯಲ್ಲಿ ತೀರಿಕೊಂಡರು. ಹೊತ್ತು ತರಲು ವಿಮಾನ, ಮೆರವಣಿಗೆಗೆ ಜಿಲ್ಲೆಗೆ ಜಿಲ್ಲೆಯೇ ಇದ್ದ ಮನುಷ್ಯ. ನಿಯಮ ಬಿಡಲಿಲ್ಲ. ದಿಲ್ಲಿಯ ದ್ವಾರಕಾದ ರುದ್ರಭೂಮಿಯಲ್ಲಿ ಬೆರಳೆಣಿಕೆಯ ಜನರ ನಡುವೆ ಮಣ್ಣಾಯಿತು, ಹುಟ್ಟೂರು ಕೆ.ಕೆ. ಕೊಪ್ಪ ಟಿವಿಯಲ್ಲಿ ನೋಡಿತು. ಮಂತ್ರಿಯದೇ ಹೀಗಾದರೆ ಉಳಿದವರ ಪಾಡು ಕೇಳುವುದೇ ಬೇಡ. ಆ ಕಾಲದಲ್ಲಿ ಹೋದ ನನ್ನ ಇಬ್ಬರು ಗೆಳೆಯರ ಮಣ್ಣಿಗೆ ನಾನು ಹೋಗಲಿಲ್ಲ. ಈಗಲೂ ಅವರ ಓಣಿಯಲ್ಲಿ ಹಾಯುವಾಗ ಅವರು ಊರಿಗೆ ಹೋಗಿದ್ದಾರೆ ಎಂದೇ ಮನಸ್ಸು ತಿಳಿಯುತ್ತದೆ. ಬೆಳಗಾವಿಯ ಸದಾಶಿವನಗರದ ಸ್ಮಶಾನದ ಅಂಜಿಕೆ ಬಿಡಿಸಲೆಂದು ರಾಜಕಾರಣಿ ಸತೀಶ ಜಾರಕಿಹೊಳಿಯವರು 2014ರ ಡಿಸೆಂಬರ್ 6ರ ರಾತ್ರಿ ಅಲ್ಲಿಯೇ ಮಲಗಿದ್ದರು. ಆಮೇಲೆ ವರ್ಷವರ್ಷ ಅಲ್ಲಿ ಕಾರ್ಯಕ್ರಮ ನಡೆದುಬಂದಿದೆ. ಭೂತದ ಭಯ ಬಿಡಿಸಲು ಅದು ಸಾಕು. ಮಣ್ಣಿಗೆ ಹೋಗದೆ ಉಳಿದ ಬಾಕಿಗೆ ಅಂಥ ಮದ್ದಿಲ್ಲ.

ಖಾನಾಪುರದ ಪಡುವಣ ದಿಕ್ಕು ಬೇರೆಯೇ ಲೋಕ. ಜಾಂಬೋಟಿ ದಾಟಿದರೆ ಕಾಡು. 2011ರಲ್ಲಿ ವನ್ಯಜೀವಿ ಧಾಮವಾದ ಭೀಮಗಡದೊಳಗೆ ಆಮಗಾಂವ, ಗವಾಳಿ, ತಳೇವಾಡಿಯಂಥ ಊರುಗಳು. ಮಳೆಗಾಲದಲ್ಲಿ ಹಳ್ಳ ಏರಿದರೆ ಜಡ್ಡು ಬಿದ್ದವರನ್ನು ಕಟ್ಟಿಗೆಗೆ ಕಂಬಳಿ ಕಟ್ಟಿ ಹೆಗಲ ಮೇಲೆ ಹೊರಬೇಕು. 2024ರ ಮಳೆಗಾಲದಲ್ಲಿ ಆಮಗಾಂವದ ಹೆಣ್ಣುಮಗಳೊಬ್ಬಳನ್ನು ಊರವರು ಕೆಸರು ತುಳಿಯುತ್ತ ಕಿಲೋಮೀಟರುಗಟ್ಟಲೆ ಹೀಗೆ ಹೊತ್ತು ತಂದ ದೃಶ್ಯವನ್ನು ನಾಡೆಲ್ಲ ಫೋನಿನಲ್ಲಿ ನೋಡಿತು. ಆಕೆ ಉಳಿಯಲಿಲ್ಲ. ಆಮೇಲೆ ಊರು ಬಿಡಿಸುವ ಮಾತು ಬಿರುಸಾಯಿತು. ಕುಟುಂಬಕ್ಕೆ 15 ಲಕ್ಷ ರೂಪಾಯಿ ಪರಿಹಾರದ ಮೇಲೆ ತಳೇವಾಡಿಯವರು ಒಪ್ಪಿದರು. ಡಾಂಬರು ರಸ್ತೆಯ ಬದಿಗೆ ಕೂತು ಕಾಡಿನ ಬದುಕೇ ಚಂದ ಎನ್ನುವ ಹಕ್ಕು ನನಗಿಲ್ಲ. ಆ ಕಡೆಯ ಒಬ್ಬ ಅಜ್ಜ ಖಾನಾಪುರ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಮರಾಠಿಯಲ್ಲಿ ಕೇಳಿದ ಪ್ರಶ್ನೆ ಮಾತ್ರ ಹೇಳಿಬಿಡುತ್ತೇನೆ. ಕೆಳಗೆ ಬಂದರೆ ಆಸ್ಪತ್ರೆ ಹತ್ತಿರ, ಅದು ಬೇಕು. ಆದರೆ ಅಲ್ಲಿ ನನ್ನನ್ನು ಹೊರಲು ನಾಲ್ಕು ಮಂದಿ ಎಲ್ಲಿಂದ ಬರುತ್ತಾರೆ? ಅವನಿಗೆ ತಿಂಗಳಿಗೆ 1,200 ರೂಪಾಯಿಯ ಸಂಧ್ಯಾ ಸುರಕ್ಷಾ ಬರುತ್ತದೆ. ಹೊರುವವರ ಕೂಲಿ ಅದರಲ್ಲಿ ಕೂಡುವುದಿಲ್ಲ ಎಂದು ಅವನೇ ನಕ್ಕ.

ಹೊರುವುದಕ್ಕೆ ಮೊದಲಿನ ಕೆಲಸ ಇನ್ನೂ ಕಠಿಣ. ನನ್ನ ಹಳೆಯ ಗೆಳೆಯನೊಬ್ಬ ಒಂದು ಆಸ್ಪತ್ರೆಯ ಐಸಿಯುದಲ್ಲಿ ವೆಂಟಿಲೇಟರಿನ ಮೇಲೆ ಇದ್ದ. ಮೂವರು ಮಕ್ಕಳು ಮೂರು ಊರಿನಿಂದ ಫೋನಿನಲ್ಲಿ. ‘ಸಾಕು ಮಾಡ್ರಿ’ ಎಂಬ ಮಾತನ್ನು ಯಾರು ಆಡಬೇಕೆಂದು ಗೊತ್ತಾಗದೆ ದಿನಗಳು ಹೋದವು, ಹೊಲವೂ ಹೋಯಿತು. ಅಂಥ ಕಡೆಯೂ ಮಕ್ಕಳು ನನ್ನನ್ನೇ ಕೇಳಿದರು, ‘ಕಾಕಾ, ನೀವರ ಹೇಳ್ರಿ’ ಎಂದು. ನನಗೆ ಬಾಯಿ ಬರಲಿಲ್ಲ. ಕುಣಿ ಎಲ್ಲಿ ತೆಗೆಯಬೇಕೆಂದು ಹೇಳಲು ಹಿರಿತನ ಸಾಕಾಗುತ್ತದೆ, ಕೊಳವೆ ತೆಗೆಯಿರಿ ಎನ್ನಲು ಸಾಲದು. ಅದನ್ನು ಸಾಯುವವನೇ ಮೊದಲು ಹೇಳಿಟ್ಟಿರಬೇಕು. ಈಗ ಅದಕ್ಕೆ ದಾರಿ ಇದೆ. ಘನತೆಯಿಂದ ಸಾಯುವುದೂ ಹಕ್ಕೇ ಎಂದು ಸುಪ್ರೀಂ ಕೋರ್ಟ್ 2018ರ ಮಾರ್ಚ್ 9ರಂದು ಹೇಳಿತು. 2023ರ ಜನವರಿಯಲ್ಲಿ ವಿಧಾನವನ್ನು ಸಡಿಲಿಸಿತು. ಇಬ್ಬರು ಸಾಕ್ಷಿಗಳ ಮುಂದೆ ಬರೆದು, ನೋಟರಿ ಇಲ್ಲವೇ ಗೆಜೆಟೆಡ್ ಅಧಿಕಾರಿಯ ಸಹಿ ಮಾಡಿಸಿದರೆ ಆಯಿತು. ನಮ್ಮ ಪರವಾಗಿ ಮಾತಾಡುವವರು ಯಾರೆಂದು ಅದರಲ್ಲೇ ಹೇಳಬೇಕು. ಆಮೇಲೆ ವೈದ್ಯರ ಎರಡು ಮಂಡಳಿಗಳು ನೋಡಿ ಒಪ್ಪಬೇಕು. ಕರ್ನಾಟಕ ಸರ್ಕಾರ ಇದನ್ನು ಜಾರಿಗೆ ತರುವ ಸುತ್ತೋಲೆಯನ್ನು 2025ರ ಜನವರಿ 30ರಂದು ಹೊರಡಿಸಿತು. ವ್ಯಾಕ್ಸಿನ್ ಡಿಪೋದಲ್ಲಿ ನಾನು ಇದನ್ನು ಓದಿ ಹೇಳಿದಾಗ ಅರ್ಧ ಮಂದಿ ‘ಮುಂಜಾನೆದ್ದು ಎಂಥಾ ಮಾತ್ರೀ’ ಎಂದು ಹೆಜ್ಜೆ ಜೋರು ಮಾಡಿದರು. ಮೃತ್ಯುಪತ್ರ ಎಂದರೆ ನಮ್ಮವರಿಗೆ ಆಸ್ತಿ ಮಾತ್ರ.

ಸಾವನ್ನು ಮೊದಲೇ ಗೊತ್ತುಮಾಡಿಕೊಂಡು ಹೋಗುವುದು ಈ ಜಿಲ್ಲೆಗೆ ಹೊಸತೂ ಅಲ್ಲ. ಭೋಜದ ಆಚಾರ್ಯ ಶಾಂತಿಸಾಗರರು 1955ರಲ್ಲಿ, ಶೇಡಬಾಳದ ಆಚಾರ್ಯ ವಿದ್ಯಾನಂದರು 2019ರಲ್ಲಿ, ಸದಲಗಾದ ಆಚಾರ್ಯ ವಿದ್ಯಾಸಾಗರರು 2024ರ ಫೆಬ್ರುವರಿಯಲ್ಲಿ ಸಲ್ಲೇಖನ ಹಿಡಿದು ದೇಹ ಬಿಟ್ಟರು. ಮೂವರೂ ಬೆಳಗಾವಿ ಜಿಲ್ಲೆಯ ಮನೆತನಗಳಿಂದ ಬಂದವರು. ಅದು ಮುನಿಗಳ ಬಲ. ಊಟ ಹತ್ತು ನಿಮಿಷ ತಡವಾದರೆ ಸಿಟ್ಟಿಗೇಳುವ ನಮ್ಮಂಥವರದಲ್ಲ.

ನಮ್ಮಂಥ ಸಂಸಾರಿಗಳಿಗೆ ಹತ್ತಿರವಾದ ದಾರಿ ತೋರಿಸಿದವರು ಬೈಲಹೊಂಗಲದ ಡಾ. ಬಸವಣ್ಣೆಪ್ಪ ರಾಮಣ್ಣವರ. ತನ್ನ ದೇಹವನ್ನು ಸುಡಬಾರದು, ಹೂಳಬಾರದು, ಮಗನೇ ಅದನ್ನು ಛೇದನ ಮಾಡಿ ವಿದ್ಯಾರ್ಥಿಗಳಿಗೆ ತೋರಿಸಬೇಕೆಂದು ಬರೆದಿಟ್ಟು ಅವರು 2008ರ ನವೆಂಬರಿನಲ್ಲಿ ತೀರಿಕೊಂಡರು. ಮಗ ಡಾ. ಮಹಾಂತೇಶ ರಾಮಣ್ಣವರ ಶಹಾಪುರದ ಬಿ.ಎಂ. ಕಂಕಣವಾಡಿ ಆಯುರ್ವೇದ ಮಹಾವಿದ್ಯಾಲಯದಲ್ಲಿ ಶರೀರರಚನಾ ಶಾಸ್ತ್ರದ ಅಧ್ಯಾಪಕರು. ಎರಡು ವರ್ಷ ಕಾದಿರಿಸಿದ್ದ ತಂದೆಯ ದೇಹವನ್ನು 2010ರ ನವೆಂಬರಿನಲ್ಲಿ, ವಿದ್ಯಾರ್ಥಿಗಳ ಎದುರು, ಮಗನೇ ಛೇದಿಸಿದರು. ದೇಶವೆಲ್ಲ ಬೆರಗಾಗಿ ನೋಡಿತು. ನನಗೆ ಬೆರಗಾದದ್ದು ಬೇರೆ. ಮುಂದೇನು ಮಾಡಬೇಕೆಂಬುದರಲ್ಲಿ ಆ ತಂದೆ ಮಗನಿಗೆ ಒಂದಿಷ್ಟೂ ಗೊಂದಲ ಉಳಿಸಿರಲಿಲ್ಲ. ದುಃಖದ ಜೊತೆಗೆ ಒಂದು ಕೆಲಸವನ್ನೂ ಕೊಟ್ಟುಹೋಗಿದ್ದರು, ಅದೂ ಆ ಮಗನಿಗೆ ಚೆನ್ನಾಗಿ ಬರುವ ಕೆಲಸವನ್ನು.

ನಾನೂ ದೇಹದಾನದ ಫಾರಂ ತಂದಿದ್ದೆ. ಮನೆಯಲ್ಲಿ ಹೆಂಡತಿ ಒಂದು ಮಾತೂ ಆಡಲಿಲ್ಲ, ಅದರ ಮೇಲೆ ಅಕ್ಕಿಯ ಡಬ್ಬಿ ಇಟ್ಟಳು. ಊರಲ್ಲಿ ಉಳಿದಿರುವ ಬಾಲ್ಯದ ಗೆಳೆಯನಿಗೆ ಹೇಳಿದರೆ ಅವನು ಕೆರಳಿದ: “ಲೇ, ಕಾಲೇಜಿಗಿ ಕೊಟ್ಟರ ನಾವು ಮಣ್ಣಿಗಿ ಎಲ್ಲಿ ಬರೂನಲೇ? ನಿನ್ನ ಮಣ್ಣಿಗಿ ಬರೂದು ನಂದು ಬಾಕಿ ಐತಿ.” ನೀನೇ ಮೊದಲು ಹೋದರೆ ಎಂದೆ. ಹಾಗಾದರೆ ತನ್ನದಕ್ಕೆ ನಾನು ಬಸ್ಸು ಹಿಡಿದು ಬರಬೇಕು, ಕಾರಿನಲ್ಲಿ ಬಂದು ಅರ್ಧ ತಾಸಿನಲ್ಲಿ ತಿರುಗಿ ಹೋಗಕೂಡದು ಎಂದು ಕರಾರು ಹಾಕಿದ. ಕಣ್ಣು ಕೊಡುವುದಕ್ಕೆ ಅವನೂ ಹೆಂಡತಿಯೂ ಒಪ್ಪಿದ್ದಾರೆ. ಉಳಿದದ್ದು ಊರ ಹೊಲಕ್ಕೆ, ಅಣ್ಣನ ಎಡಕ್ಕೆ.

ಹಾಗೆ ತೀರ್ಮಾನವಾದ ಮೇಲೆ ಒಂದು ಎರಡುನೂರು ಪುಟದ ವಹಿಯಲ್ಲಿ ಎಲ್ಲ ಬರೆಯಲು ಶುರು ಮಾಡಿದೆ. ಯಾರ ಯಾರ ಮನೆಗೆ ಫೋನು, ಯಾವ ಕಪಾಟಿನಲ್ಲಿ ಯಾವ ಕಾಗದ, ವೆಂಟಿಲೇಟರು ಬೇಡ ಎಂಬ ನೋಟರಿ ಪತ್ರ ಎಲ್ಲಿದೆ, ಭಜನೆಯವರಿಗೆ ಎಷ್ಟು ಕೊಡಬೇಕು, ಕುಣಿ ತೆಗೆಯುವವರಿಗೆ ಅವರು ಕೇಳಿದ್ದಕ್ಕಿಂತ ಹೆಚ್ಚು ಕೊಡಬೇಕು, ಊಟಕ್ಕೆ ಎಲ್ಲರೂ ಒಂದೇ ಸಾಲು. ಪುಣೆಯಲ್ಲಿರುವ ಮಗನಿಗೆ ಪುಟಗಳ ಫೋಟೋ ಕಳಿಸಿದೆ. ರಾತ್ರಿ ಅವನ ಫೋನು ಬಂತು. ಧ್ವನಿ ಸ್ವಲ್ಪ ಕಟ್ಟಿತ್ತು, ಆದರೆ ಆಫೀಸಿನವರ ಹಾಗೆ ಸಾಲು ಸಾಲಾಗಿ ಪ್ರಶ್ನೆ ಕೇಳಿದ.

“ಅಪ್ಪಾ, ಅಯ್ಯನವರ ನಂಬರಿಗೆ ಹಚ್ಚಿ ನೋಡಿದ್ನಿ, ಚಾಲೂ ಇಲ್ಲಂತ.”

ಆ ಅಯ್ಯನವರು ತೀರಿಕೊಂಡದ್ದು ಯುಗಾದಿಯ ಮುಂದೆ, ನಾನೇ ಮಣ್ಣಿಗೆ ಹೋಗಿದ್ದೆ. ಬರೆಯುವಾಗ ಕೈ ರೂಢಿಯಂತೆ ಹಳೆಯ ನಂಬರನ್ನೇ ಬರೆದಿತ್ತು. ಅವರ ಮಗ ಹುಬ್ಬಳ್ಳಿಯಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದಾನೆ. ವಿಧಿ ಪೂರ್ತಿ ಬರುವುದಿಲ್ಲವಂತೆ, ಅರ್ಧ ಬರುತ್ತದಂತೆ. ಬರುವ ವಾರ ಬೀಡಿಯ ಸಂತೆಗೆ ಹೋದಾಗ ಪಕ್ಕದ ಊರಿನ ಇನ್ನೊಬ್ಬರನ್ನು ವಿಚಾರಿಸಬೇಕು. ಅವರದೂ ಎಂಬತ್ತರ ಹತ್ತಿರ ಎಂದು ಕೇಳಿದ್ದೇನೆ. ಆದ್ದರಿಂದ ಮಗನಿಗೂ ರಜೆ ಹಾಕಿ ಬಾ ಎಂದಿದ್ದೇನೆ; ಅವರು ಹೇಳುವುದನ್ನು ಅವನೇ ಕೂತು ಬರೆದುಕೊಳ್ಳಲಿ.